ಪಕ್ಕದ ಮನೆಯ ಮೆನೊನೈಟ್ ಅಜ್ಜಿಯ ಕಥೆ: ಏನು ಬರೆಯಬೇಕು, ಏನು ಬಿಡಬೇಕು?

ಪ್ರಶ್ನೆ: ನಾನು ರಾಯಚೂರಿನವಳು. ಆರು ವರ್ಷದಿಂದ ಕೆನಡಾದ ವಿನ್ನಿಪೆಗ್‌ನಲ್ಲಿದ್ದೇನೆ. ಪಕ್ಕದ ಮನೆಯಲ್ಲಿ 91 ವರ್ಷದ ಅಜ್ಜಿ ಒಬ್ಬರೇ ಇರುತ್ತಾರೆ. ಮೆನೊನೈಟ್ ಅನ್ನುವ ಕ್ರೈಸ್ತ ಪಂಗಡದ ಸಭೆಯವರು. ಭಾನುವಾರ ಅವರನ್ನು ಚರ್ಚಿಗೆ ಬಿಟ್ಟು ಬರುವುದು ನನಗೆ ಅಭ್ಯಾಸ ಆಗಿಬಿಟ್ಟಿದೆ. ಈಗ ತಮ್ಮ ಜೀವನದ ಕಥೆಯನ್ನು ನನ್ನ ಹತ್ತಿರ ಟೈಪ್ ಮಾಡಿಸುತ್ತಿದ್ದಾರೆ, ಮಣ್ಣು ಮಾಡುವ ದಿನ ಸಭೆಯಲ್ಲಿ ಓದಲಿಕ್ಕಂತೆ. ಉಕ್ರೇನಿನಲ್ಲಿ ಹುಟ್ಟಿದ್ದು, 1943ರಲ್ಲಿ ಗಾಡಿ ಕಟ್ಟಿಕೊಂಡು ಊರು ಬಿಟ್ಟಿದ್ದು, ಪರಾಗ್ವೇ, ಆಮೇಲೆ ಕೆನಡಾ, ಎಲ್ಲ ಹೇಳುತ್ತಾರೆ. ಆದರೆ ಅಲ್ಲಲ್ಲಿ ಹಾರಿಸಿಬಿಡುತ್ತಾರೆ. ಅಣ್ಣ ಜರ್ಮನ್ ಸೈನ್ಯದಲ್ಲಿದ್ದ ಅಂದರು, ಮರುಕ್ಷಣ ಅದು ಬೇಡ ಅಂದರು. ಒಂದು ದಿನ, '1945ರಿಂದ ಹತ್ತು ವರ್ಷ ನಾನು ಪ್ರಾರ್ಥನೆ ಮಾಡಲೇ ಇಲ್ಲ, 19ನೇ ವಯಸ್ಸಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆದ ದಿನವೂ ಮಾಡಲಿಲ್ಲ' ಅಂದರು. ಇದನ್ನು ಬರೀಬೇಡ ಅಂತಲೂ ಅಂದರು. ಮುಂದಿನ ವಾರ 'ಅದನ್ನು ಬರೆದೆಯಾ?' ಅಂತ ಅವರೇ ಕೇಳಿದರು! ನಾನು ಹಿಂದೂ ಮನೆಯವಳು, ಇದರ ಹಿಂದುಮುಂದು ಗೊತ್ತಿಲ್ಲ. ನಮ್ಮೂರು ಹೈದರಾಬಾದಿನ ಆ ಕಡೆ ಅಂದಾಗ 'ಹಾಗಾದರೆ ಮೆಹಬೂಬ್‌ನಗರ ಗೊತ್ತಾ' ಅಂತ ಕೇಳಿ ನನ್ನನ್ನು ದಂಗುಬಡಿಸಿದ್ದೂ ಉಂಟು. ನಾನು ಏನು ಬರೆಯಲಿ?

ಉತ್ತರ: ಮೆಹಬೂಬ್‌ನಗರದಿಂದಲೇ ಶುರು ಮಾಡೋಣ, ಉಳಿದದ್ದರ ಬೀಗದಕೈ ಅಲ್ಲೇ ಇದೆ.

ಕೆನಡಾದ ಒಬ್ಬ ಮುದುಕಿಗೆ ಮೆಹಬೂಬ್‌ನಗರದ ಹೆಸರು ಗೊತ್ತು ಅಂದರೆ ನನ್ನ ಊಹೆ, ಅವರು ಮೆನೊನೈಟರಲ್ಲೇ 'ಮೆನೊನೈಟ್ ಬ್ರೆದರನ್' ಅನ್ನುವ ಪಂಗಡದವರು. 1889ರಲ್ಲಿ ಅಬ್ರಹಾಂ ಮತ್ತು ಮರಿಯಾ ಫ್ರೀಸನ್ ಅನ್ನುವ ದಂಪತಿ ಉಕ್ರೇನಿನ ಮೊಲೊಚ್ನಾ ವಸಾಹತಿನಿಂದ ಹೊರಟು ನಲ್ಗೊಂಡಕ್ಕೆ ಮಿಷನರಿಗಳಾಗಿ ಬಂದರು. ಹತ್ತು ವರ್ಷದ ನಂತರ ಅಮೆರಿಕದ ಬ್ರೆದರನ್ ಸಭೆಗಳೂ ಜನ ಕಳಿಸಿದವು. ಮುಂದೆ ಮೆಹಬೂಬ್‌ನಗರ, ವನಪರ್ತಿ, ಗದ್ವಾಲ್ ಎಲ್ಲ ಕಡೆ ಅವರ ಠಾಣೆಗಳಾದವು, ಜಡ್ಚರ್ಲಾದಲ್ಲಿ ಆಸ್ಪತ್ರೆ ಆಯಿತು. ಇದರಲ್ಲಿ ಗದ್ವಾಲ್ 1956ರವರೆಗೆ ನಿಮ್ಮ ರಾಯಚೂರು ಜಿಲ್ಲೆಯಲ್ಲೇ ಇತ್ತು, ರಾಜ್ಯಗಳನ್ನು ಹಂಚುವಾಗ ಆಚೆ ಹೋಯಿತು. ಅಲ್ಲಿನ ತೆಲುಗು ಮೆನೊನೈಟರ ಸಂಖ್ಯೆ ಈಗ ದೊಡ್ಡದು. ವಿನ್ನಿಪೆಗ್‌ನ ಬ್ರೆದರನ್ ಸಭೆಗಳಲ್ಲಿ ಈ ಊರುಗಳಿಗಾಗಿ ವರ್ಷಗಟ್ಟಲೆ ಕಾಣಿಕೆ ಎತ್ತಿದ್ದಾರೆ, ಪ್ರಾರ್ಥನೆ ಮಾಡಿದ್ದಾರೆ. ನೀವು ಹುಟ್ಟುವ ಮೊದಲೇ ನಿಮ್ಮ ಪಕ್ಕದ ಜಿಲ್ಲೆಯ ಹೆಸರು ಅಜ್ಜಿಯ ಕಿವಿಗೆ ಬಿದ್ದಿದ್ದರೆ ಆಶ್ಚರ್ಯ ಇಲ್ಲ.

ಪಂಗಡ ಯಾವುದಾದರೇನು ಅನ್ನಬೇಡಿ. ಅಜ್ಜಿಯ ಸಂಕಟ ಇರೋದೇ ಅಲ್ಲಿ ಅಂತ ನನಗೆ ಅನ್ನಿಸುತ್ತದೆ.

ಸ್ವಲ್ಪ ಹಿಂದೆ ಹೋಗಬೇಕು. 1525ರ ಜನವರಿಯಲ್ಲಿ ಜ್ಯೂರಿಕ್ ಪಟ್ಟಣದಲ್ಲಿ ಕೆಲವರು ಸೇರಿ ಒಬ್ಬರಿಗೊಬ್ಬರು ದೀಕ್ಷಾಸ್ನಾನ ಕೊಟ್ಟುಕೊಂಡರು. ಎಲ್ಲರಿಗೂ ಕೂಸಾಗಿದ್ದಾಗಲೇ ಒಮ್ಮೆ ಆಗಿತ್ತು. ಅದು ಲೆಕ್ಕಕ್ಕಿಲ್ಲ, ಬುದ್ಧಿ ಬಂದ ಮೇಲೆ ತಾನಾಗಿ 'ಹೌದು' ಅಂದರೆ ಮಾತ್ರ ದೀಕ್ಷಾಸ್ನಾನ, ಅನ್ನುವುದು ಇವರ ವಾದ. ಕೇಳಲಿಕ್ಕೆ ಸಣ್ಣ ವಿಷಯ. ಆದರೆ ಆಗಿನ ಕಾಲಕ್ಕೆ ಊರಲ್ಲಿ ಹುಟ್ಟಿದವರೆಲ್ಲ ಊರಿನ ಚರ್ಚಿಗೆ ಸೇರಿದವರು, ಬೇಡ ಅನ್ನುವ ಹಾಗೇ ಇರಲಿಲ್ಲ. ಹಾಗಾಗಿ ಇದು ರಾಜದ್ರೋಹ ಆಯಿತು. ಎರಡೇ ವರ್ಷದಲ್ಲಿ ಫೆಲಿಕ್ಸ್ ಮಾಂಜ್ ಅನ್ನುವವನನ್ನು ಅದೇ ಊರಿನ ಲಿಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಂದರು. ಇವರು ಕತ್ತಿ ಹಿಡಿಯುವುದಿಲ್ಲ ಅಂದರು, ಆಣೆ ಇಡುವುದಿಲ್ಲ ಅಂದರು. ಹಾಲೆಂಡಿನ ಕಡೆ ಮೆನ್ನೋ ಸಿಮನ್ಸ್ ಅನ್ನುವ ಪಾದ್ರಿ 1536ರಲ್ಲಿ ತನ್ನ ಹುದ್ದೆ ಬಿಟ್ಟು ಇವರ ಜೊತೆ ಸೇರಿದ, ಅವನ ಹೆಸರಿನಿಂದಲೇ ಮೆನೊನೈಟ್ ಅನ್ನುವ ಹೆಸರು. ಅಜ್ಜಿಯ ಚರ್ಚಿನಲ್ಲಿ ಎಲ್ಲಾದರೂ ಒಬ್ಬ ಮನುಷ್ಯ ಮಂಜುಗಡ್ಡೆಯ ಅಂಚಿಗೆ ಬಗ್ಗಿ ಇನ್ನೊಬ್ಬನನ್ನು ನೀರಿನಿಂದ ಎಳೆಯುತ್ತಿರುವ ಚಿತ್ರ ಕಂಡರೆ, ಅದು ಡಿರ್ಕ್ ವಿಲ್ಲೆಮ್ಸ್. 1569ರಲ್ಲಿ ತನ್ನನ್ನು ಹಿಡಿಯಲು ಬಂದವನೇ ನೀರಿಗೆ ಬಿದ್ದಾಗ ವಾಪಸ್ ಬಂದು ಎತ್ತಿದ. ಅದೇ ಕಾರಣಕ್ಕೆ ಸಿಕ್ಕಿಬಿದ್ದ, ಅವನನ್ನು ಸುಟ್ಟು ಕೊಂದರು.

ಇವರ ಮಂದಿ ಹಾಲೆಂಡಿನಿಂದ ಪೋಲೆಂಡಿನ ವಿಸ್ಟುಲಾ ನದಿಯ ಜೌಗು ನೆಲಕ್ಕೆ ಹೋದರು, ಅಲ್ಲಿಂದ ರಷ್ಯದ ರಾಣಿ ಕ್ಯಾಥರೀನ್ ಕರೆದಳು ಅಂತ ಉಕ್ರೇನಿಗೆ: 1789ರಲ್ಲಿ ಖೊರ್ತಿತ್ಸಾ, 1804ರಲ್ಲಿ ಮೊಲೊಚ್ನಾ. ಒಪ್ಪಂದ ಸರಳ. ಜಮೀನು ಹದ ಮಾಡಿ, ಸೈನ್ಯಕ್ಕೆ ಬರಬೇಕಾಗಿಲ್ಲ. ಹೋದಲ್ಲೆಲ್ಲ ಹೊತ್ತುಕೊಂಡು ಹೋದದ್ದು ಪ್ಲೌಟ್‌ಡೀಚ್ ಅನ್ನುವ ಮನೆಮಾತು. ಚರ್ಚಿನಲ್ಲಿ ಮಾತ್ರ ಶುದ್ಧ ಜರ್ಮನ್. ನಮ್ಮ ಮಂಗಳೂರಿನವರಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಇದ್ದ ಹಾಗೆ. ಅಜ್ಜಿ ಯಾವ ಮಾತನ್ನು ಯಾವ ಭಾಷೆಯಲ್ಲಿ ಹೇಳುತ್ತಾರೆ ಅಂತ ಗಮನಿಸಿ. ದೇವರ ವಿಷಯ ಜರ್ಮನ್‌ನಲ್ಲಿ, ತಮಾಷೆ ಮತ್ತು ಬೈಗುಳ ಪ್ಲೌಟ್‌ಡೀಚ್‌ನಲ್ಲಿ, ಡಾಕ್ಟರ ವಿಷಯ ಇಂಗ್ಲಿಷಿನಲ್ಲಿ. ನಾನು ಮಾತಾಡಿಸಿದ ಆ ತಲೆಮಾರಿನವರಲ್ಲಿ ಹೆಚ್ಚಿನವರು ಹೀಗೇ. (ಕುದುರೆ ಗಾಡಿಯಲ್ಲಿ ಓಡಾಡುವ ಮೆನೊನೈಟರು ಬೇರೆ ಕವಲು. ಅದನ್ನು ಅಜ್ಜಿಗೆ ಕೇಳಲು ಹೋಗಬೇಡಿ, ಎಲ್ಲರೂ ಕೇಳಿ ಕೇಳಿ ಅವರಿಗೆ ಸಾಕಾಗಿರುತ್ತದೆ.)

ಈಗ ಬ್ರೆದರನ್ ಪಂಗಡ. ಉಕ್ರೇನಿನಲ್ಲಿ ಹೊಟ್ಟೆಬಟ್ಟೆಗೆ ಅನುಕೂಲ ಆದ ಮೇಲೆ, 'ತಾನಾಗಿ ಹೌದು ಅನ್ನುವುದು' ಬರೀ ಪದ್ಧತಿ ಆಗಿಬಿಟ್ಟಿತು. ವಯಸ್ಸು ಹದಿನೆಂಟು, ಇಪ್ಪತ್ತು ಆಯಿತು, ಮದುವೆ ಆಗಬೇಕು, ಮದುವೆಗೆ ಮೊದಲು ದೀಕ್ಷಾಸ್ನಾನ ಆಗಿರಬೇಕು, ಹಾಗಾಗಿ ಪೆಂತೆಕೊಸ್ತಿನ ಹಬ್ಬಕ್ಕೆ ಊರಿನ ಹುಡುಗ ಹುಡುಗಿಯರೆಲ್ಲ ಸಾಲಾಗಿ ನಿಂತು ಪ್ರಶ್ನೋತ್ತರ ಒಪ್ಪಿಸಿ ಮುಗಿಸುತ್ತಿದ್ದರು. ಇದು ಸರಿಯಲ್ಲ ಅಂತ 1860ರ ಜನವರಿಯಲ್ಲಿ ಮೊಲೊಚ್ನಾದ ಕೆಲವು ಕುಟುಂಬಗಳು ಒಡೆದು ಬೇರೆಯಾದವು. ಅವರೇ ಬ್ರೆದರನ್. ತಲೆಗೆ ನೀರು ಹಾಕಿದರೆ ಸಾಲದು, ಪೂರ್ತಿ ಮುಳುಗಬೇಕು. ಅದಕ್ಕಿಂತ ಮುಖ್ಯ, ನಿನ್ನ ಮನಸ್ಸು ಯಾವತ್ತು ತಿರುಗಿತು, ಹೇಗೆ ತಿರುಗಿತು, ಸಭೆಯ ಎದುರು ನಿಂತು ಸಾಕ್ಷಿ ಹೇಳಬೇಕು.

ಇಲ್ಲಿ ನಿಮ್ಮ ಅಜ್ಜಿಯನ್ನು ನಿಲ್ಲಿಸಿ ನೋಡಿ. ಸಾಕ್ಷಿಗೆ ಒಂದು ಅಚ್ಚು ಇದೆ. ಮೊದಲು ಕತ್ತಲೆ, ಒಂದು ದಿನ ಬೆಳಕು, ಆಮೇಲೆ ನೆಮ್ಮದಿ. 19ನೇ ವಯಸ್ಸಿಗೆ ಅವರೂ ಅದೇ ಅಚ್ಚಿನಲ್ಲಿ ಏನೋ ಹೇಳಿರಬೇಕು, ಇಲ್ಲದಿದ್ದರೆ ನೀರಿಗೆ ಇಳಿಸುತ್ತಿರಲಿಲ್ಲ. ಅಂದರೆ ಎಪ್ಪತ್ತು ವರ್ಷದಿಂದ ಅವರ ಮನಸ್ಸಿನಲ್ಲಿ ಇರೋದು 'ನಾನು ಪ್ರಾರ್ಥನೆ ಮಾಡಲಿಲ್ಲ' ಅನ್ನುವುದಷ್ಟೇ ಅಲ್ಲ. 'ನಾನು ಸಭೆಯ ಎದುರು ಸುಳ್ಳು ಹೇಳಿದೆ' ಅನ್ನುವುದು. ಆಣೆಯನ್ನೇ ಇಡದ ಜನ ಇವರು, ಹೌದು ಅಂದರೆ ಹೌದು ಅಂತ ಇರಬೇಕು ಅನ್ನುವವರು. ಅವರಿಗೆ ಇದು ಎಷ್ಟು ಭಾರ ಅಂತ ಯೋಚನೆ ಮಾಡಿ.

ಆ ಹತ್ತು ವರ್ಷ ಎಲ್ಲಿಂದ ಬಂತು ಅನ್ನುವುದಕ್ಕೆ ಅವರ ಕಾಲವನ್ನು ಸ್ವಲ್ಪ ಹೇಳುತ್ತೇನೆ. ಅವರ ಹುಟ್ಟು 1934ರ ಆಸುಪಾಸು. 1930ರ ದಶಕದ ಮಧ್ಯದ ಹೊತ್ತಿಗೆ ಸೋವಿಯತ್ ಸರ್ಕಾರ ಮೆನೊನೈಟರ ಚರ್ಚುಗಳನ್ನು ಮುಚ್ಚಿಸಿತ್ತು. ಕೆಲವು ಕ್ಲಬ್ ಆದವು, ಕೆಲವು ಕಾಳು ತುಂಬುವ ಉಗ್ರಾಣ ಆದವು. ಸಭೆ ನಡೆಸುವವರನ್ನು ದೂರದ ಶಿಬಿರಗಳಿಗೆ ಸಾಗಿಸಿದ್ದರು. 1937, 38ರಲ್ಲಿ ರಾತ್ರಿ ಹೊತ್ತು ಪೊಲೀಸರ ಕಪ್ಪು ಗಾಡಿ ಬಂದು ಗಂಡಸರನ್ನು ಎಬ್ಬಿಸಿಕೊಂಡು ಹೋಗುವುದು ಮಾಮೂಲಾಯಿತು, ಹೋದವರಲ್ಲಿ ಬಹಳ ಮಂದಿ ಬರಲೇ ಇಲ್ಲ. ಅವರ ಅಪ್ಪನ ವಿಷಯ ನೀವು ಬರೆದಿಲ್ಲ. ಒಮ್ಮೆ ಕೇಳಿ. ಆ ಮಕ್ಕಳು ಪ್ರಾರ್ಥನೆ ಕಲಿತದ್ದು ಚರ್ಚಿನಲ್ಲಿ ಅಲ್ಲ, ಕಿಟಕಿ ಮುಚ್ಚಿ, ಅಮ್ಮನ ಅಥವಾ ಅಜ್ಜಿಯ ಮಡಿಲಲ್ಲಿ, ಪಿಸುಮಾತಿನಲ್ಲಿ. ಶಾಲೆಯಲ್ಲಿ ಬಾಯಿಬಿಟ್ಟರೆ ಮನೆಗೆ ಗಂಡಾಂತರ.

1941ರಲ್ಲಿ ಜರ್ಮನ್ ಸೈನ್ಯ ಬಂತು. ಚರ್ಚುಗಳು ಮತ್ತೆ ತೆರೆದವು. ನಿಮ್ಮ ಅಜ್ಜಿ ಮೊದಲ ಸಲ ಜನರೆಲ್ಲ ಒಟ್ಟಿಗೆ ನಿಂತು ಹಾಡುವುದನ್ನು ಕೇಳಿದ್ದು ಬಹುಶಃ ಆಗಲೇ, ಏಳು ಎಂಟು ವರ್ಷದ ಹುಡುಗಿಯಾಗಿ. ಆ ತಲೆಮಾರಿನವರು ಆ ಎರಡು ವರ್ಷದ ಬಗ್ಗೆ ಮಾತಾಡುವಾಗ ಮುಖದಲ್ಲಿ ಒಂದು ಕಳೆ ಬರುತ್ತದೆ, ನಾನು ನೋಡಿದ್ದೇನೆ. ಆದರೆ ಅದೇ ಹೊತ್ತಿಗೆ ಅದೇ ಸೀಮೆಯಲ್ಲಿ ಯಹೂದಿಗಳನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟು ಕೊಲ್ಲುತ್ತಿದ್ದರು. 1942ರ ಮಾರ್ಚ್‌ನಲ್ಲಿ ಜಪೊರಿಝಿಯಾ ನಗರದಲ್ಲಿ ಸಾವಿರಾರು ಜನರನ್ನು ಹೀಗೆ ಕೊಂದರು. ಪೊಲೀಸರಾಗಿ, ದುಭಾಷಿಗಳಾಗಿ, ಊರಿನ ಅಧಿಕಾರಿಗಳಾಗಿ ಆ ಆಡಳಿತದಲ್ಲಿ ಮೆನೊನೈಟರೂ ಇದ್ದರು, ಕೆಲವರ ಕೈಗೆ ರಕ್ತವೂ ಹತ್ತಿತ್ತು. ಇದನ್ನು ಮೆನೊನೈಟ್ ಇತಿಹಾಸಕಾರರೇ ಈಗ ದಾಖಲೆ ತೆಗೆದು ಬರೆಯುತ್ತಿದ್ದಾರೆ. ತುಂಬಾ ಕಾಲ ಬರೆದಿರಲಿಲ್ಲ ಅನ್ನುವುದೂ ನಿಜ.

1943ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೈನ್ಯ ಹಿಂದೆ ಸರಿಯುವಾಗ ಇವರನ್ನೂ ಹೊರಡಿಸಿತು. ಖೊರ್ತಿತ್ಸಾದವರು ಹೆಚ್ಚಾಗಿ ರೈಲಿನಲ್ಲಿ ಹೋದರು, ಗಾಡಿ ಕಟ್ಟಿದವರು ಮೊಲೊಚ್ನಾದವರು. ಹಾಗಾಗಿ ಅಜ್ಜಿಯ ಊರು ಮೊಲೊಚ್ನಾದ್ದೇ ಇರಬೇಕು, ಅಂದರೆ ನಲ್ಗೊಂಡಕ್ಕೆ ಬಂದ ಆ ಫ್ರೀಸನ್ ದಂಪತಿಯ ಸೀಮೆ. ಹೊರಡುವ ಮೊದಲು ಹೆಂಗಸರೆಲ್ಲ ತ್ಸ್ವೀಬಾಕ್ ಸುಟ್ಟು ಒಣಗಿಸಿ ಚೀಲ ತುಂಬಿದರು. ಒಂದರ ಮೇಲೊಂದು ಕೂರಿಸಿದ ಎರಡು ಅಂತಸ್ತಿನ ಪುಟ್ಟ ಬನ್ ಅದು, ಒಣಗಿಸಿದರೆ ನಮ್ಮ ರಸ್ಕ್ ಥರ ತಿಂಗಳುಗಟ್ಟಲೆ ಕೆಡುವುದಿಲ್ಲ. ಒಟ್ಟು 35,000ದಷ್ಟು ಮೆನೊನೈಟರು ಹೀಗೆ ಪಶ್ಚಿಮಕ್ಕೆ ಹೊರಟರು. ಪೋಲೆಂಡಿನಲ್ಲಿ ಅವರಿಗೆ ಕೊಟ್ಟ ಮನೆಗಳು ಯಾರವು? ಪೋಲಿಷ್ ಕುಟುಂಬಗಳನ್ನು ಓಡಿಸಿ ಖಾಲಿ ಮಾಡಿಸಿದವು. ಅಲ್ಲೇ ಎಲ್ಲರಿಗೂ ಜರ್ಮನ್ ಪೌರತ್ವ ಕೊಟ್ಟರು, ಕೊಟ್ಟ ಬೆನ್ನಿಗೇ ವಯಸ್ಸಿಗೆ ಬಂದ ಹುಡುಗರನ್ನು ಸೈನ್ಯಕ್ಕೆ ಎಳೆದರು. ನಿಮ್ಮ ಅಜ್ಜಿಯ ಅಣ್ಣ ಹೀಗೆ ಹೋದವನಿರಬಹುದು. ಖುಷಿಯಿಂದ ಹೋದವರೂ ಇದ್ದರು. ಯಾವುದು ಅಂತ ಅಜ್ಜಿಗೆ ಮಾತ್ರ ಗೊತ್ತು, ಅಥವಾ ಅವರಿಗೂ ಗೊತ್ತಿಲ್ಲ.

1945ರ ಜನವರಿಯಲ್ಲಿ ಸೋವಿಯತ್ ಸೈನ್ಯ ಬೆನ್ನಟ್ಟಿ ಬಂತು. ಹೊರಟ 35,000 ಜನರಲ್ಲಿ ಸುಮಾರು 23,000 ಮಂದಿ ಸಿಕ್ಕಿಬಿದ್ದು ವಾಪಸ್ ಸೈಬೀರಿಯಾ, ಕಝಾಕಸ್ತಾನದ ಕಡೆಗೆ ಸಾಗಿಸಲ್ಪಟ್ಟರು. ಪಶ್ಚಿಮದಲ್ಲಿ ಉಳಿದವರು 12,000. ಒಂದೇ ಗಾಡಿಯಲ್ಲಿ ಬಂದ ಅಕ್ಕತಂಗಿಯರಲ್ಲಿ ಒಬ್ಬಳು ಕೆನಡಾದ ಅಜ್ಜಿ, ಇನ್ನೊಬ್ಬಳು ಕಝಾಕಸ್ತಾನದ ಅಜ್ಜಿ. ದಾರಿಯಲ್ಲಿ ಹೆಂಗಸರ ಮೇಲೆ, ದೊಡ್ಡ ಹುಡುಗಿಯರ ಮೇಲೆ ಆದದ್ದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹನ್ನೊಂದು ವರ್ಷದ ಹುಡುಗಿ ಅದನ್ನೆಲ್ಲ ನೋಡಿದ್ದಾಳೆ. ಅಮ್ಮನಿಗೆ ಏನಾಯಿತು ಅಂತ ನೀವಾಗಿ ಯಾವತ್ತೂ ಕೇಳಬೇಡಿ. ಅವರಾಗಿ ಹೇಳಿದರೆ ಟೈಪ್ ಮಾಡುವುದು ನಿಲ್ಲಿಸಿ, ಲ್ಯಾಪ್‌ಟಾಪ್ ಮುಚ್ಚಿ ಕೇಳಿ. ಹತ್ತು ವರ್ಷದ ಲೆಕ್ಕ 1945ರಿಂದಲೇ ಶುರುವಾಗುತ್ತದೆ ಅಲ್ವಾ?

ಆಮೇಲಿನ ಕಥೆಯಲ್ಲಿ ದೇವರಿಗಿಂತ ಜಾಸ್ತಿ ಕಾಣುವುದು ಡಬ್ಬದ ಮಾಂಸ ಮತ್ತು ಕಂಬಳಿ. ಅಮೆರಿಕ, ಕೆನಡಾದ ಮೆನೊನೈಟರು 1920ರಲ್ಲಿ ಉಕ್ರೇನಿನ ಹಸಿವಿಗೆ ಅಂತಲೇ ಕಟ್ಟಿದ್ದ ಸಂಸ್ಥೆ ಒಂದಿತ್ತು, ಮೆನೊನೈಟ್ ಸೆಂಟ್ರಲ್ ಕಮಿಟಿ. ಎಲ್ಲರೂ ಎಂಸಿಸಿ ಅನ್ನುತ್ತಾರೆ. ಅದೇ ಸಂಸ್ಥೆ ಜರ್ಮನಿಯ ಗ್ರೋನೌ ಮುಂತಾದ ಕಡೆ ನಿರಾಶ್ರಿತರ ಶಿಬಿರ ನಡೆಸಿತು. ಕೆನಡಾ ಆಗ ಬಾಗಿಲು ಪೂರ್ತಿ ತೆರೆದಿರಲಿಲ್ಲ, ಕಾಯಿಲೆಯವರು, ಮುದುಕರು ಬೇಡ ಅನ್ನುತ್ತಿತ್ತು. ಪರಾಗ್ವೇ ಯಾರನ್ನಾದರೂ ಕರೆದುಕೊಳ್ಳುತ್ತೇನೆ ಅಂದಿತು. 1947ರ ಫೆಬ್ರವರಿ 1ರಂದು ಫೋಲೆಂಡಮ್ ಅನ್ನುವ ಹಡಗು ಬ್ರೆಮರ್‌ಹಾವೆನ್ ಬಂದರಿನಿಂದ ಎರಡು ಸಾವಿರಕ್ಕೂ ಮಿಕ್ಕಿ ಜನರನ್ನು ಹೊತ್ತು ಹೊರಟಿತು. ಬರ್ಲಿನ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದ ಸಾವಿರಕ್ಕೂ ಹೆಚ್ಚು ಮಂದಿಯನ್ನು ಪೀಟರ್ ಮತ್ತು ಎಲ್ಫ್ರೀಡಾ ಡಿಕ್ ದಂಪತಿ ಕೊನೇ ಗಳಿಗೆಯಲ್ಲಿ ರೈಲು ಹತ್ತಿಸಿ ತಂದಿದ್ದರು. ಅಜ್ಜಿ ಆ ಹಡಗಿನವರಾ ಅಂತ ಕೇಳಿ, ಹಡಗಿನ ಹೆಸರು ಅವರಿಗೆ ಖಂಡಿತ ನೆನಪಿರುತ್ತದೆ.

ಬ್ಯುನೊಸ್ ಐರೆಸ್‌ನಲ್ಲಿ ಇಳಿದು, ನದಿಯಲ್ಲಿ ಮೇಲಕ್ಕೆ ಹೋಗಿ, ಚಿಕ್ಕ ಹಳಿಯ ರೈಲು ಹತ್ತಿ, ಅದು ನಿಂತಲ್ಲಿಂದ ಗಾಡಿಯಲ್ಲಿ ಚಾಕೋ ಅನ್ನುವ ಮುಳ್ಳುಕಾಡಿಗೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಸೆಕೆ, ನಿಮ್ಮ ರಾಯಚೂರಿನ ಮೇ ತಿಂಗಳನ್ನು ನೆನಪು ಮಾಡಿಕೊಳ್ಳಿ, ಆದರೆ ಅಲ್ಲಿ ಕೃಷ್ಣೆಯೂ ಇಲ್ಲ, ತುಂಗಭದ್ರೆಯೂ ಇಲ್ಲ, ಬಾವಿ ತೋಡಿದರೆ ಬಹಳ ಕಡೆ ಉಪ್ಪುನೀರು. ಅಲ್ಲಿ ನೊಯ್‌ಲಾಂಡ್ ಅನ್ನುವ ಹೊಸ ವಸಾಹತು ಕಟ್ಟಿದರು. ಎಷ್ಟೋ ಮನೆಗಳಲ್ಲಿ ಗಂಡಸೇ ಇರಲಿಲ್ಲ. ಹೆಂಗಸರೇ ಮರ ಕಡಿದು, ಮಣ್ಣಿನ ಇಟ್ಟಿಗೆ ಮಾಡಿ, ಮನೆ ಎಬ್ಬಿಸಿದರು. ಆದರೆ ಸಭೆಯಲ್ಲಿ ತೀರ್ಮಾನ ಗಂಡಸರದ್ದು. ಗಂಡ ಸೈಬೀರಿಯಾದಲ್ಲಿ ಸತ್ತನೋ ಬದುಕಿದ್ದಾನೋ ಗೊತ್ತಿಲ್ಲದ ಹೆಂಗಸು ಮತ್ತೆ ಮದುವೆ ಆಗಬಹುದಾ, ಒಬ್ಬಂಟಿಯಾಗಿ ಕೂಸು ಹೆತ್ತವಳು ಸಭೆಯಲ್ಲಿ ಕೂರಬಹುದಾ, ಇಂಥದ್ದರ ಮೇಲೆ ಜಗಳಗಳಾದವು, ಸಭೆಯಿಂದ ಹೊರಗೆ ಹಾಕಿದ್ದೂ ಇದೆ. ನನ್ನ ಅನಿಸಿಕೆ ಹೇಳುತ್ತೇನೆ: ಆ ತಲೆಮಾರಿನ ಎಷ್ಟೋ ಹೆಂಗಸರ ನಂಬಿಕೆಯನ್ನು ಅಲ್ಲಾಡಿಸಿದ್ದು ಸ್ಟಾಲಿನ್ ಒಬ್ಬನೇ ಅಲ್ಲ.

ಇಂಥ ಜಾಗದಲ್ಲಿ 1953ರ ಹೊತ್ತಿಗೆ ಅಜ್ಜಿಗೆ 19. ಗೆಳತಿಯರೆಲ್ಲ ನೀರಿಗೆ ಇಳಿಯುತ್ತಿದ್ದಾರೆ. ಅಮ್ಮ ಕಾಯುತ್ತಿದ್ದಾಳೆ. ಒಬ್ಬಳೇ ದಡದಲ್ಲಿ ನಿಲ್ಲೋದು ಸುಲಭವಾ? ಅವರು ಇಳಿದರು. ಅದು ಸುಳ್ಳೇ ಅಂತ ನನಗೆ ಅನ್ನಿಸುವುದಿಲ್ಲ. ಸಭೆಗೆ 'ಹೌದು' ಅಂದರು, ದೇವರಿಗೆ ಇನ್ನೂ ಏನೂ ಅಂದಿರಲಿಲ್ಲ, ಅಷ್ಟೇ. ಇವರ ಪರಂಪರೆಯಲ್ಲಿ ಸಭೆಯನ್ನು ಬಿಟ್ಟು ನಂಬಿಕೆ ಅನ್ನುವ ಬೇರೆ ವಸ್ತು ಇಲ್ಲ. ಹಿಟ್ಟು ಹಂಚಿಕೊಂಡದ್ದು, ಹಾಡುವಾಗ ತನ್ನ ಪಾಲಿನ ಸ್ವರ ಹಿಡಿದದ್ದು (ಇವರು ನಾಲ್ಕು ಸ್ವರದಲ್ಲಿ ಕೂಡಿ ಹಾಡುತ್ತಾರೆ, ನೀವು ಕೇಳಿರಬೇಕು), ಇದೂ ಲೆಕ್ಕಕ್ಕೆ ಬರುತ್ತದೆ. ಪಾಸ್ಟರರು ಇದನ್ನು ಒಪ್ಪದೇ ಇರಬಹುದು. ಇರಲಿ.

ಹಾಗಾದರೆ ಏನು ಬರೆಯೋದು? ನಿಮ್ಮ ಕೈಯಲ್ಲಿ ಇರುವುದಕ್ಕೆ ಅವರಲ್ಲಿ 'ಲೇಬನ್ಸ್‌ಲೌಫ್' ಅನ್ನುತ್ತಾರೆ. ಜೀವನದ ಓಟ ಅಂತ ಅರ್ಥ. ಬದುಕಿದ್ದಾಗಲೇ ಬರೆದಿಟ್ಟು, ಹೋದ ಮೇಲೆ ಸಭೆಯ ಎದುರು ಓದುವುದು. ಅದಕ್ಕೂ ಅಚ್ಚು ಇದೆ: ಹುಟ್ಟಿದ್ದು, ಮನಸ್ಸು ತಿರುಗಿದ್ದು, ದೀಕ್ಷಾಸ್ನಾನ, ಮದುವೆ, ಮಕ್ಕಳು, ಕಾಯಿಲೆ, ದೇವರು ನಡೆಸಿದ. ಅಜ್ಜಿ ಮೊದಲು 'ಬರೀಬೇಡ' ಅಂದದ್ದು ಅಚ್ಚಿಗೆ ಹೆದರಿ. 'ಬರೆದೆಯಾ' ಅಂದದ್ದು ಅವರ ಆಸೆ. ಸಭೆಯ ಎದುರು ಒಮ್ಮೆ ಹೇಳಿದ್ದನ್ನು ಸಭೆಯ ಎದುರೇ ಸರಿ ಮಾಡಲು ಅವರಿಗೆ ಇದು ಕೊನೆಯ ಅವಕಾಶ. ಅದಕ್ಕೇ ಅವರು ಮಕ್ಕಳನ್ನು ಬಿಟ್ಟು ನಿಮ್ಮ ಹತ್ತಿರ ಟೈಪ್ ಮಾಡಿಸುತ್ತಿರಬಹುದು, ಹೊರಗಿನವರ ಎದುರು ನಾಚಿಕೆ ಕಡಿಮೆ. ಇಷ್ಟು ಮಾಡಿ: ಅವರು ಹೇಳಿದ ಆ ಎರಡು ವಾಕ್ಯವನ್ನು ಅವರ ಮಾತಿನಲ್ಲೇ, ಏನೂ ಸೇರಿಸದೆ, ಬೇರೆ ಹಾಳೆಯಲ್ಲಿ ಬರೆಯಿರಿ. ಓದಿ ಹೇಳಿ. ಒಳಗೆ ಸೇರಿಸಲಾ ಅಂತ ಕೇಳಿ. ಸೇರಿಸು ಅಂದರೆ ಎಲ್ಲಿ ಅಂತಲೂ ಅವರೇ ಹೇಳಲಿ. 'ಆದರೆ ಆಮೇಲೆ ದೇವರು ಸಿಕ್ಕಿದ' ಅಂತ ನೀವು ಬಾಲ ಅಂಟಿಸಬೇಡಿ. ಟೈಪ್ ಮಾಡುವವರು ಮಾಡುವ ದೊಡ್ಡ ತಪ್ಪು ಇದೇ, ನಾನೂ ಮೊದಮೊದಲು ಮಾಡಿದ್ದೇನೆ. ಒಬ್ಬ ಮುದುಕರು ಹಾಳೆ ನೋಡಿ 'ಚೆನ್ನಾಗಿದೆ, ಇದು ಯಾರ ಕಥೆ?' ಅಂದಿದ್ದರು.

1955ರಲ್ಲಿ ಏನಾಯಿತು ಅಂತ ಬೇಕಾದರೆ ಕೇಳಿ. ದೊಡ್ಡ ದರ್ಶನ ಏನೂ ಇರಲಿಕ್ಕಿಲ್ಲ. ಅಣ್ಣನಿಂದ ಕಾಗದ ಬಂದಿರಬಹುದು, ಯಾರದೋ ಹೆರಿಗೆ ಆಗಿರಬಹುದು, ಅಥವಾ ಒಂದು ಸಂಜೆ ಸುಮ್ನೆ ಬಾಯಿಗೆ ಬಂದಿರಬಹುದು. ನೀರಿನಲ್ಲಿ ಮುಳುಗಿಸಿದ್ದು ಎಲ್ಲಿ ಅಂತ ಕೇಳಿ, ನೀರೇ ಇಲ್ಲದ ಊರಿನಲ್ಲಿ ಅದೊಂದು ಕಥೆಯೇ ಇರುತ್ತದೆ. ಯಾವ ಹಾಡು ಹಾಡಿದರು ಕೇಳಿ. ವಿನ್ನಿಪೆಗ್‌ಗೆ ಬಂದ ಮೇಲೆ ಮೊದಲ ಕೆಲಸ ಏನು? ಆಗ ಬಂದ ಎಷ್ಟೋ ಹುಡುಗಿಯರು ಮನೆಗೆಲಸಕ್ಕೆ, ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋದವರು. 1920ರ ದಶಕದಲ್ಲೇ ಬಂದು ನೆಲೆ ಕಂಡಿದ್ದ ಮೆನೊನೈಟರು ಈ ಹೊಸಬರನ್ನು ಹೇಗೆ ನೋಡಿದರು ಅಂತಲೂ ಕೇಳಿ, ಸ್ವಲ್ಪ ಖಾರ ಸಿಗುತ್ತದೆ.

ಅಣ್ಣನ ವಿಷಯ ಬೇರೆ. ಅದು ಅಜ್ಜಿ ಒಬ್ಬರ ಕಥೆಯಲ್ಲ, ಬೇಡ ಅಂದಿದ್ದಾರೆ, ಬೇಡ. ಆದರೆ ಒಂದು ಗಮನಿಸಿ. ನವೆಂಬರ್ 11ರ ಸುಮಾರಿಗೆ ಕೆನಡಾದಲ್ಲಿ ಎಲ್ಲರೂ ಕೋಟಿಗೆ ಕೆಂಪು ಗಸಗಸೆ ಹೂವು ಸಿಕ್ಕಿಸಿಕೊಳ್ಳುತ್ತಾರೆ, ಸತ್ತ ಸೈನಿಕರ ನೆನಪಿಗೆ. ಎಂಸಿಸಿಯವರು ಅದರ ಬದಲು ಒಂದು ಕೆಂಪು ಗುಂಡಿ ಹಂಚುತ್ತಾರೆ, ನೆನೆಯುವುದು ಅಂದರೆ ಶಾಂತಿಗೆ ದುಡಿಯುವುದು ಅನ್ನುವ ಅರ್ಥದ ಸಾಲು ಅದರ ಮೇಲೆ. ಅಜ್ಜಿ ಆ ದಿನ ಹೂವು ಹಾಕುತ್ತಾರಾ, ಗುಂಡಿ ಹಾಕುತ್ತಾರಾ, ಎರಡೂ ಬಿಡುತ್ತಾರಾ ನೋಡಿ. ಕೇಳಬೇಕಾಗಿಲ್ಲ, ಬರೆಯಬೇಕಾಗಿಯೂ ಇಲ್ಲ.

ಇನ್ನೆರಡು ಸಣ್ಣ ವಿಷಯ. ಅಕ್ಷರ ದೊಡ್ಡದಾಗಿ ಹಾಕಿ ಒಂದು ಪ್ರತಿ ಅವರ ಕೈಗೆ ಕೊಡಿ, ಪೆನ್ನಿನಲ್ಲಿ ತಿದ್ದಲಿಕ್ಕೆ. ಭಾನುವಾರ ಮಧ್ಯಾಹ್ನದ 'ಫಾಸ್ಪಾ' ಹೊತ್ತಿಗೆ ಹೋದರೆ ಒಳ್ಳೆಯದು, ಕಾಫಿ, ಬನ್ನು, ಜಾಮು ಇಟ್ಟುಕೊಂಡು ಅವರು ಮಾತಿಗೆ ಕೂರುವ ಹೊತ್ತು ಅದು. ಮತ್ತೆ, ಲೇಬನ್ಸ್‌ಲೌಫಿನ ಕೊನೆಯಲ್ಲಿ ತೀರಿಕೊಂಡ ದಿನ, ಊರು, ವಯಸ್ಸು ಎಷ್ಟು ವರ್ಷ ಎಷ್ಟು ತಿಂಗಳು ಎಷ್ಟು ದಿನ ಅಂತ ಮನೆಯವರು ತುಂಬುವುದು ವಾಡಿಕೆ. ಅದಕ್ಕೆ ಎರಡು ಸಾಲು ಜಾಗ ಬಿಡಿ. ಅಜ್ಜಿ ಆ ಖಾಲಿ ಜಾಗ ನೋಡಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ಬಿಡದೆ ಹೋದರೆ 'ಇಲ್ಲಿ ಜಾಗ ಸಾಲದು' ಅಂತ ಅವರೇ ಹೇಳುತ್ತಾರೆ.